ವಿಲಿಯಂ ಕಾರ್ನಿ ಅವರ ಹಾಳೆಯಲ್ಲಿ ಯಾವ ಇಸವಿ ಬರೆಯಬೇಕು?

ಯೋಧರಾಗಿದ್ದು ಅಂಚೆಯಲ್ಲಿ ದುಡಿದವರನ್ನು ಕುರಿತ ನಿಮ್ಮ ಪ್ರದರ್ಶನದ ಹಾಳೆಯೊಂದರಲ್ಲಿ ಅಮೆರಿಕದ ಸಾರ್ಜೆಂಟ್ ವಿಲಿಯಂ ಹಾರ್ವೆ ಕಾರ್ನಿ ಅವರ ಚಿತ್ರದ ಕೆಳಗೆ ‘1863ರಲ್ಲಿ ಮೆಡಲ್ ಆಫ್ ಆನರ್ ಪಡೆದ ಮೊದಲ ಕಪ್ಪು ಯೋಧ’ ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ಅವರು ಸಾಹಸ ತೋರಿದ್ದು 1863ರ ಜುಲೈ 18ರಂದು. ಮೆಡಲ್ ಆಫ್ ಆನರ್, ಅಂದರೆ ಅಮೆರಿಕದ ಅತ್ಯುನ್ನತ ಶೌರ್ಯಪದಕ, ಬಂದದ್ದು 1900ರ ಮೇ 23ರಂದು. ಅಷ್ಟರಲ್ಲಿ ಬೇರೆ ಕಪ್ಪು ಯೋಧರಿಗೆ ಪದಕ ಸಂದಿತ್ತು. ನೌಕಾಪಡೆಯ ರಾಬರ್ಟ್ ಬ್ಲೇಕ್ ಅವರಿಗೆ 1864ರಲ್ಲೇ ದೊರೆತಿತ್ತು. ಪದಕಕ್ಕೆ ಪಾತ್ರವಾದ ಕಪ್ಪು ಯೋಧರ ಸಾಹಸಗಳಲ್ಲಿ ಕಾರ್ನಿಯವರದು ಎಲ್ಲಕ್ಕಿಂತ ಮೊದಲು ನಡೆದದ್ದು ಎಂದರೆ ಮಾತು ಸರಿಹೋಗುತ್ತದೆ.

ಅವರು 1840ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ನೆಲೆಸಿ, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ ಉತ್ತರದ ಪರವಾಗಿ ಕಪ್ಪು ಸೈನಿಕರಿಂದಲೇ ಕಟ್ಟಿದ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಸೇರಿದರು. ಚಾರ್ಲ್ಸ್‌ಟನ್ ಬಳಿಯ ಮಾರಿಸ್ ದ್ವೀಪದಲ್ಲಿ ದಕ್ಷಿಣದವರ ವಶದಲ್ಲಿದ್ದ ಫೋರ್ಟ್ ವ್ಯಾಗ್ನರ್ ಕೋಟೆಯ ಮೇಲೆ ಮುಸ್ಸಂಜೆಯಲ್ಲಿ ದಾಳಿ ನಡೆದಾಗ ಧ್ವಜ ಹಿಡಿದಿದ್ದ ಸೈನಿಕ ಬಿದ್ದರು. ಕಾರ್ನಿ ಬಂದೂಕನ್ನು ಎಸೆದು ಧ್ವಜವನ್ನು ಎತ್ತಿಕೊಂಡು, ಕೋಟೆಯ ಮಣ್ಣಿನ ಒಡ್ಡಿನವರೆಗೂ ಏರಿದರು. ರೆಜಿಮೆಂಟಿನ ನಾಯಕ ಕರ್ನಲ್ ರಾಬರ್ಟ್ ಶಾ ಅಲ್ಲಿಯೇ ಮಡಿದರು, ದಾಳಿ ಸೋತಿತು. ಮೈಯ ಹಲವೆಡೆ ಗುಂಡು ತಗುಲಿದ್ದರೂ ಕಾರ್ನಿ ಧ್ವಜವನ್ನು ನೆಲಕ್ಕೆ ಸೋಕಗೊಡದೆ ತಮ್ಮವರ ಸಾಲಿಗೆ ತಂದು ಒಪ್ಪಿಸಿದರು. ಆ ಗಾಯಗಳಿಂದಾಗಿಯೇ 1864ರಲ್ಲಿ ಅವರನ್ನು ಸೇನೆಯಿಂದ ಬಿಡುಗಡೆ ಮಾಡಲಾಯಿತು. ಆ ರೆಜಿಮೆಂಟಿನವರು ಬಿಳಿಯರಿಗಿಂತ ಕಡಿಮೆ ಸಂಬಳವನ್ನು ಮುಟ್ಟಲೊಲ್ಲದೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಹೋರಾಡಿದರೆಂಬುದಕ್ಕೂ ಒಂದು ಸಾಲು ಮೀಸಲಿಡಿ.

ನಮ್ಮಂಥ ಅಂಚೆಚೀಟಿ ಸಂಗ್ರಾಹಕರಿಗೆ ಮುಖ್ಯವಾದದ್ದು ಮುಂದಿನ ಭಾಗ, ಮತ್ತು ನಿಮ್ಮ ಕರಡಿನಲ್ಲಿ ಅದಕ್ಕೇ ಜಾಗ ಕಡಿಮೆಯಾಗಿದೆ. 1869ರಿಂದ 32 ವರ್ಷ ಅವರು ನ್ಯೂ ಬೆಡ್‌ಫರ್ಡ್‌ನ ಬೀದಿಗಳಲ್ಲಿ ಕಾಗದ ಹಂಚಿದರು. ರಾಷ್ಟ್ರದ ಅತ್ಯುನ್ನತ ಶೌರ್ಯಪದಕ ಬಂದಾಗಲೂ ಅವರು ಅಂಚೆಯವರೇ ಆಗಿದ್ದರು. ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಹಾಳೆಯ ನಡುವೆ ಇರಬೇಕಾದದ್ದು ಇದೇ. ಅವರು 1908ರಲ್ಲಿ ಲಿಫ್ಟ್ ಅಪಘಾತದಿಂದ ತೀರಿಕೊಂಡರು.

ಚಿತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಸಮವಸ್ತ್ರದಲ್ಲಿ ಧ್ವಜ ಹಿಡಿದು ನಿಂತಿರುವ ತರುಣನ ಚಿತ್ರಕ್ಕೆ ಸಾಹಸದ ದಿನಾಂಕವನ್ನೂ, ಎದೆಯ ಮೇಲೆ ಪದಕವಿರುವ ಇಳಿವಯಸ್ಸಿನ ಚಿತ್ರಕ್ಕೆ 1900ರ ದಿನಾಂಕವನ್ನೂ ಹಾಕಿ, ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಂಟಿಸಿ.