ಒಳಗಿನ ರೌಟಿಂಗ್‌ಗೆ ಭದ್ರತೆ: ಎಂಡಿ5 ಸಾಕಾ, ಐಪಿಸೆಕ್ ಬೇಕಾ?

ಪ್ರಶ್ನೆ: ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹೆಡ್ ಆಫೀಸು, ಇಪ್ಪತ್ತಕ್ಕೂ ಜಾಸ್ತಿ ಶಾಖೆಗಳು. ಎಲ್ಲಾ ಕಡೆ ಒಎಸ್‌ಪಿಎಫ್ (ರೌಟರುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪ್ರೋಟೋಕಾಲ್), ಎಲ್ಲವೂ ಏರಿಯಾ 0 ಎಂಬ ಒಂದೇ ಗುಂಪಿನಲ್ಲಿ. ಪಾಸ್‌ವರ್ಡ್ ಏನೂ ಹಾಕಿಲ್ಲ. ಈ ಸಲ ಆಡಿಟರ್ 'ಒಳಗಿನ ರೌಟಿಂಗ್‌ಗೆ ಭದ್ರತೆ ಇಲ್ಲ' ಎಂದು ಬರೆದುಬಿಟ್ಟಿದ್ದಾರೆ. ಗುಟ್ಟಿನ ಕೀ ಬಳಸಿ ಪ್ಯಾಕೆಟಿಗೆ ಮುದ್ರೆ ಒತ್ತಲು ಎಂಡಿ5 ಸಾಕೇ, ಶಾ-256 ಬೇಕೇ? ನಮಗೆ ರೌಟರ್ ಕೊಟ್ಟವರು ಎಲ್ಲಕ್ಕೂ ಐಪಿಸೆಕ್ (ಐಪಿ ಪ್ಯಾಕೆಟನ್ನು ದೃಢೀಕರಿಸಿ, ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಹಾಕಿ ಅಂತಾರೆ. ಅದಕ್ಕೆ ಹೊಸ ಲೈಸೆನ್ಸ್ ಬೇಕಂತೆ.

ಉತ್ತರ: ಲೈಸೆನ್ಸಿಗೆ ಪಿಒ (ಖರೀದಿ ಆದೇಶ) ಕಳಿಸುವುದನ್ನು ಸ್ವಲ್ಪ ತಡೆಯಿರಿ. ಯಾವ ಅಲ್ಗಾರಿದಮ್ ಅನ್ನುವುದು ಎರಡನೇ ಪ್ರಶ್ನೆ. ನಿಮ್ಮ ರೌಟರುಗಳು ಯಾವ ಯಾವ ಪೋರ್ಟಿನಲ್ಲಿ ಒಎಸ್‌ಪಿಎಫ್ ಮಾತಾಡುತ್ತಿವೆ ಅನ್ನುವುದು ಮೊದಲನೆಯದು.

ನಿಮ್ಮದು ಸಿಸ್ಕೋ ತರಹದ ಕಾನ್ಫಿಗ್ ಆಗಿದ್ದರೆ, ಯಾರೋ ಯಾವತ್ತೋ 10.0.0.0 ಇಡೀ ರೇಂಜನ್ನು ಒಂದೇ ಸಾಲಿನಲ್ಲಿ ಏರಿಯಾ 0ಗೆ ಸೇರಿಸಿರುತ್ತಾರೆ. ಸುಲಭ ಅಲ್ವಾ? ಆದರೆ ಆ ಒಂದು ಸಾಲಿನಿಂದ ಕ್ಯಾಷಿಯರ್ ಕೌಂಟರಿನ ಸ್ವಿಚ್ ಕಡೆಗೂ ಒಎಸ್‌ಪಿಎಫ್ ಶುರುವಾಗಿರುತ್ತದೆ. ರೌಟರು 10 ಸೆಕೆಂಡಿಗೊಮ್ಮೆ, ಒಎಸ್‌ಪಿಎಫ್ ರೌಟರುಗಳೆಲ್ಲ ಕೇಳುವ 224.0.0.5 ವಿಳಾಸಕ್ಕೆ ಹಲೋ (ನಾನಿದ್ದೇನೆ ಎನ್ನುವ ಪುಟ್ಟ ಸಂದೇಶ) ಕಳಿಸುತ್ತಲೇ ಇರುತ್ತದೆ. ನೆರೆಯಾಗಿ (ದಾರಿ ಹಂಚಿಕೊಳ್ಳುವ ಪಕ್ಕದ ರೌಟರಾಗಿ) ಸೇರಿಕೊಳ್ಳಲು ಹೊಂದಬೇಕಾದ ಏರಿಯಾ ನಂಬರ್, ಸಬ್‌ನೆಟ್ ಮಾಸ್ಕ್, ಟೈಮರ್ ಎಲ್ಲವೂ ಆ ಹಲೋದಲ್ಲೇ ಬರೆದಿರುತ್ತದೆ. ಎಫ್‌ಆರ್‌ಆರ್ ಎಂಬ ಉಚಿತ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಅದೂ ನಿಮ್ಮ ಮನೆಯವರಲ್ಲಿ ಒಬ್ಬ. ಆಮೇಲೆ ನಿಮ್ಮ ಸರ್ವರಿನ ವಿಳಾಸಕ್ಕೆ ಒಂದು /32 ರೂಟ್ (ಆ ಒಂದೇ ವಿಳಾಸಕ್ಕೆ ದಾರಿ) ಹೇಳಿದರೆ ಮುಗಿಯಿತು. ನಿಮ್ಮ ಅಸಲಿ ರೂಟ್ /24 (256 ವಿಳಾಸಗಳ ಗುಂಪಿಗೆ) ಇದ್ದರೆ ಅದರ ಕಾಸ್ಟ್ (ದಾರಿಗೆ ಒಎಸ್‌ಪಿಎಫ್ ಕೊಡುವ ಅಂಕ) ಎಷ್ಟೇ ಕಡಿಮೆ ಇರಲಿ, ರೌಟರು ನೋಡುವುದು ಜಾಸ್ತಿ ನಿಖರವಾದ ರೂಟನ್ನೇ. ಟ್ರಾಫಿಕ್ ಲ್ಯಾಪ್‌ಟಾಪಿಗೆ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸ 'ಪ್ಯಾಸಿವ್-ಇಂಟರ್‌ಫೇಸ್ ಡೀಫಾಲ್ಟ್'. ಎಲ್ಲಾ ಪೋರ್ಟೂ ಪ್ಯಾಸಿವ್. ನಿಜವಾಗಿ ಇನ್ನೊಂದು ರೌಟರ್ ಇರುವ ಪೋರ್ಟಿಗೆ ಮಾತ್ರ 'ನೋ' ಹಾಕಿ ಬಿಡುಗಡೆ. ಶಾಖೆಯ ಲ್ಯಾನ್ ರೂಟ್ ಎಂದಿನಂತೆ ಹೆಡ್ ಆಫೀಸಿಗೆ ತಿಳಿಯುತ್ತದೆ, ಆದರೆ ಆ ಕಡೆಗೆ ಹಲೋ ಹೋಗುವುದಿಲ್ಲ, ಆ ಕಡೆಯ ಹಲೋ ಕೇಳುವುದೂ ಇಲ್ಲ. ಖರ್ಚು ಸೊನ್ನೆ. ಒಂದು ಎಚ್ಚರಿಕೆ: ಆ ಡೀಫಾಲ್ಟ್ ಸಾಲು ಕೊಟ್ಟ ತಕ್ಷಣ ಇರುವ ನೆರೆಗಳೆಲ್ಲ ಬಿದ್ದುಹೋಗುತ್ತವೆ. ದೂರದ ಶಾಖೆಗೆ ಅದೇ ಲಿಂಕಿನ ಮೇಲೆ ಲಾಗಿನ್ ಆಗಿ ಮಾಡುತ್ತಿದ್ದರೆ ನೀವೇ ಹೊರಗೆ. ಕಾನ್ಫಿಗ್ ಸೇವ್ ಮಾಡಿ, 'ರೀಲೋಡ್ ಇನ್ 10' ಕೊಟ್ಟು, ಎರಡೂ ಸಾಲು ಒಟ್ಟಿಗೆ ಪೇಸ್ಟ್ ಮಾಡಿ. ಲಿಂಕ್ ವಾಪಸ್ ಬಂದರೆ ರೀಲೋಡ್ ಕ್ಯಾನ್ಸಲ್ ಮಾಡಿ. ಬರದಿದ್ದರೆ ರೌಟರೇ ರೀಸ್ಟಾರ್ಟ್ ಆಗಿ ಹಳೆಯ ಕಾನ್ಫಿಗ್ ಎತ್ತಿಕೊಳ್ಳುತ್ತದೆ. ರಾತ್ರಿ ಬಸ್ ಹತ್ತುವುದು ತಪ್ಪುತ್ತದೆ.

ಈಗ ಪಾಸ್‌ವರ್ಡ್ ವಿಚಾರ. ಒಎಸ್‌ಪಿಎಫ್‌ನಲ್ಲಿ ಮೊದಲಿಂದ ಇರುವ ಸರಳ ಪಾಸ್‌ವರ್ಡ್ ಹಾಕಲೇಬೇಡಿ. 24 ಬೈಟಿನ ಹೆಡರಿನ ಕೊನೆಯ 8 ಬೈಟುಗಳಲ್ಲಿ ಅದು ಹಾಗೇ ಕೂತಿರುತ್ತದೆ, ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದರೆ ಓದಬಹುದು. ಟೆಸ್ಟ್ ರೌಟರ್ ಅಕಸ್ಮಾತ್ ಸೇರಿಕೊಳ್ಳುವುದನ್ನು ತಡೆಯಲು ಅದು ಸಾಕು, ಬೇಕೆಂದೇ ಬರುವವನಿಗೆ ಸಾಲದು.

ಎಂಡಿ5 ವಿಧಾನ 1998ರ ಆರ್‌ಎಫ್‌ಸಿ (ಇಂಟರ್ನೆಟ್ ಪ್ರೋಟೋಕಾಲುಗಳನ್ನು ವಿವರಿಸುವ ದಾಖಲೆ) 2328ರಲ್ಲೇ ಇದೆ. ಎಂಡಿ5 ಮುರಿದುಬಿದ್ದಿದೆ ಅಂತ ಎಲ್ಲರೂ ಹೇಳುತ್ತಾರೆ. 2004ರಲ್ಲಿ ತೋರಿಸಿದ್ದು ಏನೆಂದರೆ, ಒಂದೇ ಹ್ಯಾಷ್ (ಸಂದೇಶದಿಂದ ಲೆಕ್ಕ ಹಾಕಿದ ಗುರುತು) ಬರುವ ಎರಡು ಬೇರೆ ಬೇರೆ ಸಂದೇಶಗಳನ್ನು ಮಾಡಬಹುದು ಎಂದು. ಅದರಿಂದ ನಿಮ್ಮ ಗುಟ್ಟಿನ ಕೀ ನಾಳೆ ಬೆಳಗ್ಗೆ ಹೊರಬೀಳುವುದಿಲ್ಲ. ಕೀ ಹೊರಬೀಳುವುದು ಅದು ಬ್ಯಾಂಕಿನ ಹೆಸರಿನ ಮುಂದೆ 123 ಸೇರಿಸಿದ್ದಾಗಿದ್ದರೆ. ಒಂದೇ ಒಂದು ಪ್ಯಾಕೆಟ್ ಹಿಡಿದಿಟ್ಟುಕೊಂಡರೆ ಮನೆಯಲ್ಲಿ ಕೂತು ಊಹೆ ಮಾಡುತ್ತಾ ಹೋಗಬಹುದು. ಎಂಡಿ5 ಕೀ 16 ಅಕ್ಷರದವರೆಗೆ ಹೋಗುತ್ತದೆ. ಹದಿನಾರನ್ನೂ ಬಳಸಿ, ಕಂಪ್ಯೂಟರಿನಿಂದಲೇ ಯದ್ವಾತದ್ವಾ ಅಕ್ಷರ ಹುಟ್ಟಿಸಿ.

ಹಾಗಂತ ಎಂಡಿ5ನಲ್ಲೇ ಉಳಿಯಿರಿ ಅನ್ನುತ್ತಿಲ್ಲ. 2009ರ ಆರ್‌ಎಫ್‌ಸಿ 5709 ಒಎಸ್‌ಪಿಎಫ್‌ಗೆ ಶಾ-256 ತಂದಿತು. ರೌಟರುಗಳು ಒಪ್ಪಿದರೆ ನೇರ ಅದಕ್ಕೇ ಹೋಗಿ. ಒಂದೆರಡು ಹಳೇ ಡಬ್ಬಗಳು ಒಪ್ಪದಿದ್ದರೆ ಆ ಲಿಂಕುಗಳಲ್ಲಿ ಮಾತ್ರ ಎಂಡಿ5 ಇರಲಿ. ಕೀ ಇರುವುದು ಇಂಟರ್‌ಫೇಸಿನ ಮೇಲೆ, ಒಂದೊಂದು ಲಿಂಕಿಗೆ ಒಂದೊಂದು ವಿಧಾನ ಇದ್ದರೆ ತಪ್ಪೇನಿಲ್ಲ.

ಐಪಿಸೆಕ್? ಮೇಲಿನ ವಿಧಾನಗಳು ರೂಟನ್ನು ಮುಚ್ಚಿಡುವುದಿಲ್ಲ, ಹೇಳಿದ್ದು ಯಾರು ಎಂದು ಖಾತ್ರಿ ಮಾಡುತ್ತವೆ ಅಷ್ಟೇ. ಒಳಗಿನ ರೌಟಿಂಗ್‌ಗೆ ಬೇಕಿರುವುದೂ ಬಹುತೇಕ ಅದೇ. ಆದರೆ ಶಾಖೆಯ ಲಿಂಕು ಇಂಟರ್ನೆಟ್ ಮೇಲೆ ಹೋಗುತ್ತಿದ್ದರೆ ಗ್ರಾಹಕರ ಡೇಟಾಗೇ ಐಪಿಸೆಕ್ ಟನೆಲ್ (ಗೂಢಲಿಪಿಯ ಕೊಳವೆ) ಬೇಕು. ಅದು ಈಗಾಗಲೇ ಇದ್ದು, ಒಎಸ್‌ಪಿಎಫ್ ಅದರ ಒಳಗೇ ಓಡುತ್ತಿದ್ದರೆ ರೌಟಿಂಗ್‌ಗೆ ಅಂತ ಇನ್ನೊಂದು ಐಪಿಸೆಕ್ ಯಾಕೆ? ಟನೆಲ್ ಇಲ್ಲದಿದ್ದರೆ ನಿಮ್ಮ ವೆಂಡರ್ ಹೇಳಿದ್ದು ಸರಿ, ಕಾರಣ ಮಾತ್ರ ಬೇರೆ. ಆಡಿಟರಿಗೆ ಕೊಡುವ ಉತ್ತರದಲ್ಲೂ ರೌಟಿಂಗ್ ಭದ್ರತೆ, ಡೇಟಾ ಭದ್ರತೆ ಎರಡನ್ನು ಬೇರೆ ಬೇರೆ ಬರೆಯಿರಿ.

ಇಷ್ಟು ಮಾಡಿದ ಮೇಲೂ ಒಂದು ತೂತು ಉಳಿಯುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಕೀ ಕೆಲಸ ಗೇಟಿನಲ್ಲಿ ಐಡಿ ಕಾರ್ಡ್ ನೋಡುವ ಸೆಕ್ಯುರಿಟಿಯವನ ಹಾಗೆ. ಒಳಗೆ ಹೋದವನು ನಿಜ ಹೇಳುತ್ತಾನಾ ಅಂತ ಅವನು ನೋಡುವುದಿಲ್ಲ. ಶಾಖೆಯ ಅಸಲಿ ರೌಟರಿನಲ್ಲೇ ಯಾರಾದರೂ ತಪ್ಪು ಸ್ಟ್ಯಾಟಿಕ್ ರೂಟ್ (ಕೈಯಲ್ಲೇ ಬರೆದ ದಾರಿ) ಹಾಕಿ ಒಎಸ್‌ಪಿಎಫ್‌ಗೆ ಬಿಟ್ಟರೆ ಶಾ-256 ಅದಕ್ಕೂ ಮುದ್ರೆ ಒತ್ತಿ ಕಳಿಸುತ್ತದೆ. 'ಡಿಸ್ಟ್ರಿಬ್ಯೂಟ್-ಲಿಸ್ಟ್ ಇನ್' ಹಾಕಿದ್ದೇನಲ್ಲ ಅನ್ನಬಹುದು. ಅದು ಹಾಕಿದ ರೌಟರಿನ ರೂಟಿಂಗ್ ಟೇಬಲನ್ನಷ್ಟೇ ಸೋಸುತ್ತದೆ. ಸುದ್ದಿ ಮಾತ್ರ ಪಕ್ಕದ ರೌಟರುಗಳಿಗೆ ಹಾಗೇ ಹರಡುತ್ತದೆ, ಯಾಕೆಂದರೆ ಒಂದೇ ಏರಿಯಾದ ಒಳಗೆ ಎಲ್ಲರ ಬಳಿಯೂ ಒಂದೇ ನಕ್ಷೆ ಇರಬೇಕು ಅನ್ನುವುದು ಒಎಸ್‌ಪಿಎಫ್‌ನ ಮೂಲ ನಿಯಮ.

ನನ್ನ ಸಲಹೆ: ಒಂದೇ ಲೈನ್ ಇರುವ ಶಾಖೆಗೆ ಒಎಸ್‌ಪಿಎಫ್ ಬೇಡವೇ ಬೇಡ. ಶಾಖೆಯಲ್ಲಿ ಒಂದು ಡೀಫಾಲ್ಟ್ ರೂಟ್, ಹೆಡ್ ಆಫೀಸಿನಲ್ಲಿ ಆ ಶಾಖೆಗೆ ಒಂದು ಸ್ಟ್ಯಾಟಿಕ್. ಮಾತೇ ಆಡದವನು ಸುಳ್ಳು ಹೇಳುವುದು ಹೇಗೆ? ಎರಡು ಲೈನ್ ಇರುವ ಶಾಖೆಗಳಿಗೆ ಬಿಜಿಪಿ ಎಂಬ ಇನ್ನೊಂದು ರೌಟಿಂಗ್ ಪ್ರೋಟೋಕಾಲ್ ಯೋಚಿಸಿ. ಬಿಜಿಪಿಗೆ ಬೇಕಾಗುವ ಎಎಸ್ ನಂಬರುಗಳಲ್ಲಿ (ನೆಟ್‌ವರ್ಕಿನ ಗುರುತು ಸಂಖ್ಯೆ) 64512ರಿಂದ 65534ರವರೆಗಿನವು ಖಾಸಗಿ ಬಳಕೆಗೇ ಇವೆ. ಪ್ರತಿ ನೆರೆಯಿಂದಲೂ 'ಈ ಶಾಖೆಯ ರೇಂಜ್ ಬಿಟ್ಟು ಬೇರೇನು ಹೇಳಿದರೂ ಕೇಳಬೇಡ' ಎಂದು ಬರೆದಿಡಬಹುದು. ಒಎಸ್‌ಪಿಎಫ್ ಹೆಡ್ ಆಫೀಸಿನ ಕೋರ್ ರೌಟರುಗಳ ನಡುವೆ ಇರಲಿ, ಕೀ ಸಮೇತ.

ಕೀ ಬದಲಾಯಿಸುವ ದಿನಕ್ಕೂ ಒಂದು ಮಾತು. ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಡಿ. ಹೊಸ ಕೀಗೆ ಬೇರೆ ಐಡಿ ಕೊಟ್ಟು ಪಕ್ಕದಲ್ಲೇ ಸೇರಿಸಿ, ಎರಡೂ ತುದಿ ಹೊಸದಕ್ಕೆ ಬಂದ ಮೇಲೆ ಹಳೆಯದನ್ನು ಅಳಿಸಿ. ಕೀ-ಚೈನಿನಲ್ಲಿ (ರೌಟರಿನಲ್ಲಿರುವ ಕೀಗಳ ಪಟ್ಟಿ) ದಿನಾಂಕ ಹಾಕಿ ತಾನಾಗೇ ಬದಲಾಗುವಂತೆ ಮಾಡಬಹುದು, ಆದರೆ ಅಲ್ಲಿ ಗಡಿಯಾರದ ಕಾಟ. ಬ್ಯಾಟರಿ ಇಲ್ಲದ ಕೆಲವು ಹಳೇ ರೌಟರು ಕರೆಂಟ್ ಹೋಗಿ ಬಂದಾಗ 1993ನೇ ಇಸವಿಯಲ್ಲಿ ಎದ್ದು ಕೂರುತ್ತವೆ. ಕೀ ಇನ್ನೂ ಶುರುವೇ ಆಗಿಲ್ಲ ಅಂದುಕೊಳ್ಳುತ್ತವೆ. ನೆರೆ ಏಳುವುದಿಲ್ಲ. ಟೈಮ್ ಸರಿಮಾಡಿಕೊಳ್ಳಲು ಎನ್‌ಟಿಪಿ ಸರ್ವರ್ ಬೇಕು, ಅದರ ದಾರಿ ಸಿಗುವುದು ಒಎಸ್‌ಪಿಎಫ್ ಎದ್ದ ಮೇಲೆ! ಎನ್‌ಟಿಪಿ ಸರ್ವರಿಗೆ ಸ್ಟ್ಯಾಟಿಕ್ ರೂಟ್ ಒಂದನ್ನು ಹಾಕಿಡಿ.

ಇನ್ನು ಕಾನ್ಫಿಗ್ ಬ್ಯಾಕಪ್. ಸಿಸ್ಕೋದಲ್ಲಿ ಟೈಪ್ 7 ಎಂದು ಕಾಣುವ ಪಾಸ್‌ವರ್ಡನ್ನು ಕ್ಷಣದಲ್ಲಿ ಬಿಡಿಸಬಹುದು. ಆ ಫೈಲು ಆಫೀಸಿನ ಶೇರ್ಡ್ ಫೋಲ್ಡರಿನಲ್ಲೋ ವಾಟ್ಸಾಪ್ ಗ್ರೂಪಿನಲ್ಲೋ ಬಿದ್ದಿದ್ದರೆ ಹದಿನಾರು ಅಕ್ಷರದ ಕೀ ಹಾಕಿದ್ದೂ ದಂಡ.

ಪ್ರಶ್ನೆ: ಒಎಸ್‌ಪಿಎಫ್‌ಗಿಂತ ಐಎಸ್-ಐಎಸ್ ಎಂಬ ರೌಟಿಂಗ್ ಪ್ರೋಟೋಕಾಲ್ ಸೇಫ್ ಅಂತ ಗೆಳೆಯರೊಬ್ಬರು ಹೇಳಿದರು. ಬದಲಾಯಿಸೋಣವೇ?

ಉತ್ತರ: ಒಂದು ಮಟ್ಟಿಗೆ ನಿಜ. ಐಎಸ್-ಐಎಸ್ ಪ್ಯಾಕೆಟ್ ಐಪಿ ಮೇಲೆ ಹೋಗುವುದಿಲ್ಲ, ನೇರ ಎತರ್ನೆಟ್ ಫ್ರೇಮಿನಲ್ಲಿ ಹೋಗುತ್ತದೆ. ದೂರದಲ್ಲಿ ಕೂತವನು ರೌಟರಿನ ಐಪಿಗೆ ನಕಲಿ ಪ್ಯಾಕೆಟ್ ಕಳಿಸಲಾರ. ಒಎಸ್‌ಪಿಎಫ್‌ನಲ್ಲಿ ಇದಕ್ಕೆ ಐಪಿ ಪ್ರೋಟೋಕಾಲ್ ನಂಬರ್ 89ನ್ನು ಅಂಚಿನ ಪೋರ್ಟುಗಳಲ್ಲಿ ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದು ಬೇಡ ಎನ್ನುವ ಪಟ್ಟಿ) ಹಾಕಿ ತಡೆಯಬೇಕು. ಎರಡು ಸಾಲಿನ ಕೆಲಸ. ಅದೊಂದಕ್ಕೇ ಓಡುತ್ತಿರುವ ನೆಟ್‌ವರ್ಕನ್ನು ಬಿಚ್ಚಬೇಡಿ.

ಪ್ರಶ್ನೆ: ಐಪಿವಿ6 (ಐಪಿಯ ಹೊಸ ಆವೃತ್ತಿ) ಶುರು ಮಾಡಿದ್ದೇವೆ. ಒಎಸ್‌ಪಿಎಫ್ ಕೀ ಮೊದಲೇ ಇದೆ. ಸಾಕಲ್ವಾ?

ಉತ್ತರ: ಸಾಲದು. ಐಪಿವಿ6ಗೆ ನೀವು ಓಡಿಸುವುದು ಒಎಸ್‌ಪಿಎಫ್‌ವಿ3, ಅದು ಬೇರೆಯೇ ಪ್ರೋಟೋಕಾಲ್. ಹಳೆಯ ಕೀ ಅದನ್ನು ಕಾಯುವುದಿಲ್ಲ, ಪ್ಯಾಸಿವ್ ಕೂಡ ಅಲ್ಲಿ ಹೊಸದಾಗಿ ಹಾಕಬೇಕು. ಅದರ ಹೆಡರಿನಲ್ಲಿ ಪಾಸ್‌ವರ್ಡಿಗೆ ಜಾಗವನ್ನೇ ತೆಗೆದುಹಾಕಿದ್ದರು, ಐಪಿಸೆಕ್ ನೋಡಿಕೊಳ್ಳುತ್ತದೆ ಎಂದು. 2006ರ ಆರ್‌ಎಫ್‌ಸಿ 4552 ಆ ದಾರಿ ಹೇಳಿತು. ಆದರೆ ಅಲ್ಲಿ ಕೀಗಳನ್ನು ಕೈಯಲ್ಲೇ ಹಾಕಬೇಕು, ಹಾಗಾಗಿ ಹಳೇ ಪ್ಯಾಕೆಟನ್ನೇ ಮತ್ತೆ ಕಳಿಸಿದರೆ ಗುರುತಿಸುವ ಸೌಲಭ್ಯ ಸಿಗುವುದಿಲ್ಲ. 2014ರ ಆರ್‌ಎಫ್‌ಸಿ 7166 ಪ್ಯಾಕೆಟಿನ ಬಾಲಕ್ಕೆ ದೃಢೀಕರಣ ಸೇರಿಸುವ ವಿಧಾನ ಕೊಟ್ಟಿತು. ರೌಟರಿನ ಮ್ಯಾನ್ಯುಯಲ್‌ನಲ್ಲಿ 'ಅಥೆಂಟಿಕೇಷನ್ ಟ್ರೇಲರ್' ಎಂದು ಹುಡುಕಿ. ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಐಪಿಸೆಕ್.