ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿಂಚುವ ಗೇಮಿಂಗ್ ಕಂಪ್ಯೂಟರ್, 60 ಸಾವಿರದ ಮಿತಿ

ಪ್ರಶ್ನೆ: ಹನ್ನೆರಡನೆಯ ತರಗತಿ ಮುಗಿಸಿದ ಮಗನಿಗೆ ಗಾಜಿನ ಕ್ಯಾಬಿನೆಟ್ಟಿನ, ಬಣ್ಣದ ದೀಪಗಳ ಗೇಮಿಂಗ್ ಕಂಪ್ಯೂಟರ್ ಬೇಕಂತೆ. ನಮ್ಮ ಮಿತಿ 60 ಸಾವಿರ ರೂಪಾಯಿ. 1080ಪಿ ಮಾನಿಟರ್ ಮತ್ತು ಕೀಬೋರ್ಡ್ ಮನೆಯಲ್ಲಿಯೇ ಇವೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಕೋರ್ ಐ7-4770 ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, ಲಿಕ್ವಿಡ್ ಕೂಲರ್ ಮತ್ತು ಆರು ದೀಪದ ಫ್ಯಾನ್‌ಗಳಿಗೆ 52 ಸಾವಿರದ ಕೊಟೇಶನ್ ಕೊಟ್ಟಿದ್ದಾರೆ. ಕೊಳ್ಳಬಹುದೇ?
— ಡೊಂಬಿವಿಲಿಯ ಓದುಗರು

ಉತ್ತರ: ಈ ಕೊಟೇಶನ್ನಿಗೆ ಒಪ್ಪಬೇಡಿ. ಐ7-4770 ಬಿಡುಗಡೆಯಾದದ್ದು 2013ರಲ್ಲಿ, ಜಿಟಿ 730 ಬಂದದ್ದು 2014ರಲ್ಲಿ. ‘ಐ7’ ಎಂಬ ಹೆಸರು ನೋಡಿ ಮಗ ಹಿಗ್ಗಿರಬಹುದು, ಆದರೆ ಇದೂ ಸೇರಿದಂತೆ ಇಂಟೆಲ್‌ನ 8ನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿದಿದೆ. ಜಿಟಿ 730 ಮೂಲತಃ ಮಾನಿಟರ್ ಜೋಡಿಸುವುದಕ್ಕೂ ವಿಡಿಯೊ ನೋಡುವುದಕ್ಕೂ ಸಾಕಾಗುವ ಕಾರ್ಡ್. ಅದರ ಮೇಲೆ 4 ಜಿಬಿ ಎಂದು ಬರೆದ ಮಾತ್ರಕ್ಕೆ ಇಂದಿನ ಆಟಗಳು ಓಡುವುದಿಲ್ಲ. ನಿಮ್ಮ ಹಣದ ದೊಡ್ಡ ಪಾಲು ಇಲ್ಲಿ ಗಾಜು, ಫ್ಯಾನ್ ಮತ್ತು ಕೂಲರ್‌ಗೆ ಹೋಗುತ್ತಿದೆ.

ದೀಪದ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಹದಿನೆಂಟರ ಹುಡುಗ ಮೇಜಿನ ಮೇಲೆ ಇಟ್ಟುಕೊಳ್ಳುವ ವಸ್ತು ಚೆಂದ ಕಾಣಬೇಕೆಂದು ಬಯಸುವುದು ಸಹಜವೇ. ಆದರೆ ದೀಪಕ್ಕೆ ತಗಲುವ ಖರ್ಚು ನಿಜಕ್ಕೂ ಕಡಿಮೆ. ಮೂರು ನಾಲ್ಕು ಎಆರ್‌ಜಿಬಿ (ಬಣ್ಣ ಬದಲಿಸಬಹುದಾದ ದೀಪಗಳ) ಫ್ಯಾನ್‌ಗಳೊಂದಿಗೇ ಬರುವ, ಒಂದು ಬದಿಯಲ್ಲಿ ಗಾಜಿರುವ ಕ್ಯಾಬಿನೆಟ್ಟಿಗೆ 4–5 ಸಾವಿರ ತೆಗೆದಿಟ್ಟರೆ ಸಾಕು. ಎದುರಿನ ಫಲಕ ಮಾತ್ರ ಗಾಜಿನದಾಗಿರದೆ ಜಾಲರಿಯದಾಗಿರಲಿ. ಎದುರಿನಿಂದಲೇ ಗಾಳಿ ಒಳಗೆ ಬರಬೇಕಾದ ವಿನ್ಯಾಸದಲ್ಲಿ ಅಲ್ಲಿ ಗಾಜು ಅಡ್ಡವಿದ್ದರೆ ಫ್ಯಾನ್‌ಗಳು ಎಷ್ಟಿದ್ದರೂ ಪ್ರಯೋಜನ ಕಡಿಮೆ, ಅದರಲ್ಲೂ ಮುಂಬಯಿಯ ಮೇ ತಿಂಗಳಿನಲ್ಲಿ.

ಬಜೆಟ್ಟಿನ ಶೇ. 35ರಿಂದ 40ರಷ್ಟನ್ನು, ಅಂದರೆ 21ರಿಂದ 24 ಸಾವಿರದವರೆಗೆ, ಗ್ರಾಫಿಕ್ಸ್ ಕಾರ್ಡಿಗೆಂದೇ ಮೊದಲು ಎತ್ತಿಡಿ. 1080ಪಿ ಪರದೆಗೆ 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ಅಥವಾ ಅದಕ್ಕೆ ಸಮನಾದ ಕಾರ್ಡನ್ನು ಕೇಳಿ. ಅಂಗಡಿಯವರು ಅದರ ಬದಲಿಗೆ ಆರ್‌ಟಿಎಕ್ಸ್ 3050 ತೋರಿಸಿದರೆ ಎಚ್ಚರಿಕೆಯಿರಲಿ: ಅದೇ ಹೆಸರಿನಲ್ಲಿ 8 ಜಿಬಿಯ ಮತ್ತು 6 ಜಿಬಿಯ ಎರಡು ಕಾರ್ಡ್‌ಗಳಿದ್ದು, 6 ಜಿಬಿಯದರಲ್ಲಿ ಮೆಮೊರಿ ಮಾತ್ರವಲ್ಲ, ಚಿಪ್‌ನ ಕೋರ್‌ಗಳೂ ಕಡಿಮೆ. ಆರ್‌ಎಕ್ಸ್ 6600 ಈ ಎರಡಕ್ಕಿಂತಲೂ ವೇಗವಾಗಿದೆ.

ಪ್ರೊಸೆಸರ್ ವಿಚಾರದಲ್ಲಿ ಆರು ಕೋರ್‌ಗಳ ರೈಜೆನ್ 5 5600 ಮತ್ತು ಬಿ550 ಮದರ್‌ಬೋರ್ಡ್ ಒಳ್ಳೆಯ ಜೋಡಿ. ಪ್ರೊಸೆಸರ್‌ನ ಪೆಟ್ಟಿಗೆಯಲ್ಲಿಯೇ ಕೂಲರ್ ಬರುತ್ತದೆ. 65 ವಾಟ್‌ನ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ಬೇಕಿಲ್ಲ. 8 ಜಿಬಿಯ ಎರಡು ರ್‍ಯಾಮ್ ಸ್ಟಿಕ್‌ಗಳನ್ನು ಕೊಳ್ಳಿರೇ ಹೊರತು 16 ಜಿಬಿಯ ಒಂದನ್ನಲ್ಲ, ಏಕೆಂದರೆ ಪ್ರೊಸೆಸರ್ ಮತ್ತು ರ್‍ಯಾಮ್ ನಡುವಿನ ಎರಡು ಹಾದಿಗಳೂ (ಚಾನೆಲ್‌ಗಳೂ) ಬಳಕೆಯಾದರೆ ಆಟದ ವೇಗದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಜೋಡಣೆಯಾದ ಮೇಲೆ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ, ರ್‍ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿಸಿ. ಇಲ್ಲದಿದ್ದರೆ 3200ರ ರ್‍ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲಿಯೇ ಓಡುತ್ತಿರಬಹುದು. 2025ರ ಕೊನೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿರುವುದರಿಂದ ಲೆಕ್ಕ ಮಿತಿ ಮೀರಿದರೆ ನಾಲ್ಕು ಕೋರ್‌ಗಳ ಕೋರ್ ಐ3-12100ಎಫ್‌ಗೆ ಇಳಿಯಿರಿ (ಅದಕ್ಕೆ ಬಿ550 ಹೊಂದುವುದಿಲ್ಲ, ಇಂಟೆಲ್‌ನ ಆ ಪ್ರೊಸೆಸರ್‌ಗೆ ಹೊಂದುವ ಮದರ್‌ಬೋರ್ಡ್ ಬೇಕು). ಕಾರ್ಡನ್ನೂ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ಸನ್ನೂ ಕಡಿಮೆ ಮಾಡಬೇಡಿ.

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹಣ ಉಳಿಸುವ ಕತ್ತರಿ ಸಾಮಾನ್ಯವಾಗಿ ಬೀಳುವುದು ಇದರ ಮೇಲೆಯೇ. ಹೊರಗೆ ಕಾಣದ, ಮಿನುಗದ ಈ ಡಬ್ಬಿ ಕೆಟ್ಟರೆ ತಾನೊಂದೇ ಹೋಗದೆ ಮದರ್‌ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದೊಯ್ಯುವುದುಂಟು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ‘450 ವಾಟ್’ ಎಂಬ ಲೇಬಲ್ಲಿನ ಎಸ್‌ಎಂಪಿಎಸ್ ಬೇಡವೇ ಬೇಡ. ಆರ್‌ಎಕ್ಸ್ 6600ಗೆ ಬೇಕಾದದ್ದು 132 ವಾಟ್, ಅದನ್ನು ಪಡೆಯಲು ಎಸ್‌ಎಂಪಿಎಸ್‌ನಿಂದ ಕಾರ್ಡಿಗೆ ಚುಚ್ಚುವ 8 ಪಿನ್ನಿನ ಪಿಸಿಐಇ ಕನೆಕ್ಟರ್. ಹೆಸರಾಂತ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿರುವ 550 ವಾಟ್‌ನದು ಸಾಕಾಗಿ ಮಿಗುತ್ತದೆ. ಬ್ರಾಂಜ್ ಎಂದರೆ ಸಾಮರ್ಥ್ಯದ ಅರ್ಧದಷ್ಟು ವಿದ್ಯುತ್ ಕೊಡುವಾಗ ಕನಿಷ್ಠ ಶೇ. 85ರಷ್ಟು ದಕ್ಷತೆ. ಇದಕ್ಕೆ ಸುಮಾರು 4 ಸಾವಿರವನ್ನು ಮನಸ್ಸು ಗಟ್ಟಿಮಾಡಿ ಇಡಿ.

ಖರೀದಿಗೆ ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನ ಪೂರ್ವಕ್ಕೆ ಇಳಿಯುವಾಗ ಜೇಬಿನಲ್ಲಿ ಬಿಡಿಭಾಗಗಳ ಪೂರ್ಣ ಹೆಸರುಗಳ ಚೀಟಿಯಿರಲಿ. ಒಟ್ಟು ಮೊತ್ತವನ್ನಲ್ಲ, ಒಂದೊಂದರ ದರವನ್ನೂ ಎರಡು ಮೂರು ಅಂಗಡಿಗಳಲ್ಲಿ ಕೇಳಿ. ‘ಬಿಲ್ ಬೇಡವಾದರೆ ಕಡಿಮೆ ಮಾಡಿಕೊಡುತ್ತೇನೆ’ ಎಂದರೆ ಒಪ್ಪದಿರಿ, ಶೇ. 18ರ ಜಿಎಸ್‌ಟಿ ಸೇರಿದ, ಸೀರಿಯಲ್ ನಂಬರ್ ನಮೂದಿಸಿದ ಬಿಲ್ ಇಲ್ಲದೆ ಕಾರ್ಡಿನ ವಾರಂಟಿ ಪಡೆಯುವುದು ಕಷ್ಟವಾದೀತು. ಮನೆಗೆ ತಂದ ಮೇಲೆ ಎರಡು ಮಾತು. ಗಾಜಿನ ಫಲಕವನ್ನು ಬಿಚ್ಚಿದಾಗ ಟೈಲ್ಸ್ ನೆಲದ ಮೇಲೆ ನಿಲ್ಲಿಸಬೇಡಿ, ಅಂಚು ತಾಗಿದರೆ ಟೆಂಪರ್ಡ್ ಗಾಜು ಒಮ್ಮೆಲೇ ಪುಡಿಯಾಗುತ್ತದೆ. ಹಾಸಿಗೆಯ ಮೇಲೆ ಮಲಗಿಸಿ. ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಮೇಲೆ ಹೇಳಿದ ಎರಡು ಪ್ರೊಸೆಸರ್‌ಗಳಲ್ಲಿಯೂ ಒಳಗ್ರಾಫಿಕ್ಸ್ ಇಲ್ಲದಿರುವುದರಿಂದ ತಪ್ಪು ಕಡೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಪ್ರಶ್ನೆ: ಪುಣೆಯಲ್ಲಿ ಓದುತ್ತಿದ್ದೇನೆ. ಈಗ ರೈಜೆನ್ 5 5600ಜಿ ಕೊಂಡು ಕಾರ್ಡನ್ನು ಆಮೇಲೆ ಸೇರಿಸಿದರೆ ಹೇಗೆ?
— ಪುಣೆಯ ವಿದ್ಯಾರ್ಥಿ

ಉತ್ತರ: ಕಾರ್ಡಿಗೆ ಒಂದು ವರ್ಷವಾದರೂ ಕಾಯಬೇಕಿದ್ದರೆ ಮಾತ್ರ ಸರಿ. 5600ಜಿಯ ಒಳಗ್ರಾಫಿಕ್ಸ್‌ನಲ್ಲಿ ಹಗುರವಾದ ಆಟಗಳನ್ನು ಆಡಬಹುದು. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32 ಎಂಬಿ. ಜೊತೆಗೆ ಅದು, ಪ್ರೊಸೆಸರ್ ಮತ್ತು ಕಾರ್ಡ್ ನಡುವೆ ಮಾಹಿತಿ ಸಾಗುವ ಹಾದಿಯಾದ ಪಿಸಿಐಇಯ ಹಳೆಯ 3.0 ಆವೃತ್ತಿಗೇ ನಿಲ್ಲುತ್ತದೆ. ಎರಡು ಮೂರು ತಿಂಗಳಲ್ಲಿ ಹಣ ಕೂಡುವಂತಿದ್ದರೆ ಕಾದು 5600 ಮತ್ತು ಕಾರ್ಡ್ ಎರಡನ್ನೂ ಒಟ್ಟಿಗೇ ತೆಗೆದುಕೊಳ್ಳಿ.

ಪ್ರಶ್ನೆ: ಹೊಸ ಎಆರ್‌ಜಿಬಿ ಫ್ಯಾನಿನ ದೀಪದ ತಂತಿಯನ್ನು ಮದರ್‌ಬೋರ್ಡಿನ ನಾಲ್ಕು ಪಿನ್ನಿಗೆ ಒತ್ತಿ ಕೂರಿಸಿದೆ. ದೀಪ ಒಂದು ಕ್ಷಣ ಹೊಳೆದು ಆರಿತು, ಫ್ಯಾನ್ ಮಾತ್ರ ತಿರುಗುತ್ತಿದೆ. ಬೋರ್ಡ್ ಕೆಟ್ಟಿದೆಯೇ?
— ಮಡಗಾಂವ್‌ನ ಓದುಗರು

ಉತ್ತರ: ಬಹುಶಃ ಕೆಟ್ಟಿರುವುದು ದೀಪ ಮಾತ್ರ. ಬೋರ್ಡಿನಲ್ಲಿ ನೋಡಲು ಒಂದೇ ಬಗೆಯವೆನಿಸುವ ಎರಡು ಜೋಡಣೆಗಳಿರುತ್ತವೆ: ನಾಲ್ಕು ಪಿನ್ನಿನ ಹಳೆಯ ಆರ್‌ಜಿಬಿ 12 ವೋಲ್ಟ್‌ನದು; ನಡುವೆ ಒಂದು ಪಿನ್ನಿನ ಜಾಗ ಖಾಲಿಯಿರುವ, ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟ್‌ನದು. 5 ವೋಲ್ಟ್‌ನ ದೀಪಕ್ಕೆ 12 ವೋಲ್ಟ್ ಹರಿದು ಸುಟ್ಟಿದೆ. ಫ್ಯಾನಿನ ಮೋಟರಿಗೆ ಬೇರೆಯೇ ತಂತಿಯಿರುವುದರಿಂದ ಅದು ಉಳಿದುಕೊಂಡಿದೆ. ಹೊಸ ಫ್ಯಾನ್ ಕೊಳ್ಳುವ ಮೊದಲು ಬೋರ್ಡಿನ ಮೇಲೆ ಜೋಡಣೆಯ ಪಕ್ಕದ ಸಣ್ಣ ಅಕ್ಷರಗಳನ್ನು ಟಾರ್ಚ್ ಹಿಡಿದು ಓದಿ. 5 ವೋಲ್ಟ್‌ನ ಜಾಗವೇ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಸಾಟಾ ತಂತಿಯಿಂದ ನಡೆಯುವ ಪ್ರತ್ಯೇಕ ಕಂಟ್ರೋಲರ್ ಜೊತೆಗಿರುವ ಫ್ಯಾನ್‌ಗಳನ್ನೇ ತನ್ನಿ.