ಒಂದೇ ಮಾತ್ರೆ ಹೆಚ್ಚಾಗಿದ್ದಕ್ಕೆ ಇಷ್ಟು ತೂರಾಟವೇ?

ಪ್ರಶ್ನೆ: ನಮ್ಮ ಮಾವನಿಗೆ 64 ವರ್ಷ. ಫಿಟ್ಸ್‌ಗೆ ದಿನಕ್ಕೆ ಮೂರು ಎಪ್ಟಾಯಿನ್ 100 ತೆಗೆದುಕೊಳ್ಳುತ್ತಿದ್ದರು. ಮತ್ತೆ ಫಿಟ್ಸ್ ಬಂತೆಂದು ನಾಲ್ಕಕ್ಕೆ ಏರಿಸಿದರು. ಹದಿನೈದು ದಿನಗಳಲ್ಲಿ ಕುಡಿದವರಂತೆ ತೂರಾಡುತ್ತಿದ್ದಾರೆ, ಮಾತು ತೊದಲುತ್ತಿದೆ. ಒಂದು ಮಾತ್ರೆಗೇ ಹೀಗಾಗುತ್ತದೆಯೇ? ಯಾರಾದರೂ ಒಟ್ಟಿಗೆ ಬಹಳ ಮಾತ್ರೆ ನುಂಗಿಬಿಟ್ಟರೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಉತ್ತರ: ಖಂಡಿತ ಆಗುತ್ತದೆ. ಎಪ್ಟಾಯಿನ್‌ನಲ್ಲಿರುವುದು ಫೆನಿಟಾಯಿನ್. ಇದನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಮಿತಿಯಿದೆ. ಕೆರೆಯ ತೂಬಿನಲ್ಲಿ ಹರಿಯುವಷ್ಟೇ ನೀರು ಹರಿಯುತ್ತದೆ. ಒಳಹರಿವು ತುಸು ಹೆಚ್ಚಿದರೂ ಕೆರೆ ದಿನದಿನಕ್ಕೆ ಏರುತ್ತಲೇ ಹೋಗುತ್ತದೆ. 300 ಮಿ.ಗ್ರಾಂ.ನಿಂದ 400ಕ್ಕೆ ಹೋದಾಗ ರಕ್ತದಲ್ಲಿನ ಮಟ್ಟ ಇಮ್ಮಡಿಯಾಗುವುದೂ ಉಂಟು. ಜೊತೆಗೆ ಟಿಬಿಯ ಐಸೋನಿಯಜಿಡ್ ಅಥವಾ ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಸೇರಿದರೆ, ಡೋಸ್ ಏರಿಸದಿದ್ದರೂ ಹೀಗಾಗಬಹುದು.

ಅವರನ್ನು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ. ನೀವಾಗಿಯೇ ನಿಲ್ಲಿಸಿ ದಿನಗಟ್ಟಲೆ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ಅಲ್ಲಿಯವರೆಗೆ ಒಬ್ಬರನ್ನೇ ಬಚ್ಚಲಿಗೆ ಕಳಿಸಬೇಡಿ. ಬಿದ್ದು ತಲೆಗೆ ಪೆಟ್ಟಾಗುವುದೇ ಇಲ್ಲಿ ದೊಡ್ಡ ಭಯ.

ವೈದ್ಯರು ಮೊದಲು ಸಕ್ಕರೆ ಮಟ್ಟ ನೋಡುತ್ತಾರೆ. ಒಂದೇ ಪಕ್ಕದ ಕೈಕಾಲು ಸೋತಿದ್ದರೆ, ತೂರಾಟ ಹಠಾತ್ತನೆ ಶುರುವಾಗಿದ್ದರೆ ಪಾರ್ಶ್ವವಾಯು ಇದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಕಣ್ಣು: ಒಂದು ಮೊಳ ದೂರದಲ್ಲಿ ಬೆರಳು ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಿದಾಗ ಗುಡ್ಡೆಗಳು ಚಟಚಟನೆ ಎಳೆದುಕೊಳ್ಳುತ್ತವೆ. ಬೆರಳನ್ನು ತೀರಾ ಅಂಚಿಗೆ ಒಯ್ಯಬಾರದು, ಅಲ್ಲಿ ಆರೋಗ್ಯವಂತರಿಗೂ ಒಂದೆರಡು ಎಳೆತ ಬರುತ್ತದೆ. ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಪ್ರತಿ ಮಿ.ಲೀ.ಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. 20 ದಾಟಿದರೆ ಕಣ್ಣಿನ ಎಳೆತ, 30 ದಾಟಿದರೆ ತೂರಾಟ, 40 ದಾಟಿದರೆ ಮಂಪರು. ಇದು ಸ್ಥೂಲ ಲೆಕ್ಕ.

ಇಲ್ಲೇ ಪದೇ ಪದೇ ಎಡವುವುದು. ವರದಿಯಲ್ಲಿ 14 ಎಂದಿದೆ, 'ನಾರ್ಮಲ್' ಎಂದು ಮನೆಗೆ ಕಳಿಸುತ್ತಾರೆ. ಆದರೆ ಫೆನಿಟಾಯಿನ್ ಅಂಟಿಕೊಳ್ಳುವ ರಕ್ತದ ಪ್ರೋಟೀನ್ ಆಲ್ಬುಮಿನ್, ಡೆಸಿಲೀಟರ್‌ಗೆ 2 ಗ್ರಾಂಗೆ ಇಳಿದಿದ್ದರೆ, 14ನ್ನು (0.2 × 2 + 0.1)ರಿಂದ ಭಾಗಿಸಿ, ನಿಜವಾದ ಮಟ್ಟ 28ರ ಸಮೀಪ. ವಯಸ್ಸಾದವರಲ್ಲಿ, ಯಕೃತ್ತು ಸೋತವರಲ್ಲಿ ಆಲ್ಬುಮಿನ್ ನೋಡದೆ ಫೆನಿಟಾಯಿನ್ ವರದಿ ಓದಲೇಬಾರದು.

ಇನ್ನು ಒಟ್ಟಿಗೆ ನುಂಗಿದಾಗಿನ ಮಾತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ. ಚಿಕಿತ್ಸೆ ಯಾವ ಮಾತ್ರೆ ಎನ್ನುವುದರ ಮೇಲೆ ನಿಂತಿದೆ.

ಆಸ್ಪತ್ರೆಯಲ್ಲಿ ಉಸಿರು, ಬಿಪಿ, ಇಸಿಜಿ ಮೊದಲು. ಬೇಗ ಬಂದಿದ್ದು, ಎಚ್ಚರವಿದ್ದು, ನುಂಗಲು ಶಕ್ತರಾಗಿದ್ದರೆ ವಯಸ್ಕರಿಗೆ ಹೊಟ್ಟೆಯಲ್ಲಿನ ಔಷಧವನ್ನು ಹಿಡಿದುಕೊಳ್ಳುವ ಸಕ್ರಿಯ ಇದ್ದಿಲು, 50 ಗ್ರಾಂ. ಫಿಟ್ಸ್ ಬಂದರೆ ಲೊರಾಜೆಪಾಮ್. ಅಲ್ಲಿ ಮತ್ತೆ ಫೆನಿಟಾಯಿನ್ ಹಾಕಬಾರದು. ಫೆನಿಟಾಯಿನ್‌ಗೆ ಪ್ರತ್ಯೌಷಧವಿಲ್ಲ.

ಫಿಟ್ಸ್‌ನ ಇನ್ನೊಂದು ಔಷಧ ಕಾರ್ಬಮಜೆಪಿನ್ ಹೃದಯಕ್ಕೂ ಕೈಹಾಕುತ್ತದೆ. ಇಸಿಜಿಯಲ್ಲಿ ಕ್ಯೂಆರ್‌ಎಸ್ ಎಂಬ ಅಲೆಯ ಅಗಲ 100 ಮಿಲಿಸೆಕೆಂಡ್ ದಾಟಿದರೆ ಸೋಡಿಯಂ ಬೈಕಾರ್ಬೊನೇಟ್, ಕೆ.ಜಿ.ಗೆ 1–2 ಮಿಲಿಈಕ್ವಿವಲೆಂಟ್. ನುಂಗಿದ್ದು ಫಿಟ್ಸ್‌ನ ಮತ್ತೊಂದು ಔಷಧ ವ್ಯಾಲ್ಪ್ರೊಯೇಟ್ ಆದರೆ ರಕ್ತದ ಅಮೋನಿಯಾ ಪರೀಕ್ಷೆ ಬಿಡಬಾರದು. ಲಿವರ್ ವರದಿ ಸರಿಯಿದ್ದೂ ಅಮೋನಿಯಾ ಏರಿ ಮಂಪರು ಕವಿಯಬಹುದು. ಆಗ ಲೆವೊಕಾರ್ನಿಟಿನ್ ಕೆ.ಜಿ.ಗೆ 100 ಮಿ.ಗ್ರಾಂ., ಗರಿಷ್ಠ 6 ಗ್ರಾಂ, ನಂತರ 4 ಗಂಟೆಗೊಮ್ಮೆ ಕೆ.ಜಿ.ಗೆ 15 ಮಿ.ಗ್ರಾಂ. ಮಿದುಳಿನ ಊತ, ಬಿಪಿ ಕುಸಿದ ಆಘಾತ (ಶಾಕ್), ಕೋಮಾ ಇದ್ದರೆ ಡಯಾಲಿಸಿಸ್ ತಡಮಾಡುವಂತಿಲ್ಲ.

ಈ ಮಾತ್ರೆಗಳು, ಅದರಲ್ಲೂ ಔಷಧವನ್ನು ನಿಧಾನವಾಗಿ ಬಿಡುವ 'ಕ್ರೋನೊ' ಬಗೆಯವು, ಕರುಳಿನಿಂದ ರಕ್ತಕ್ಕೆ ನಿಧಾನವಾಗಿ ಸೇರುತ್ತವೆ. ಬಂದಾಗ ಚೆನ್ನಾಗಿ ಮಾತಾಡುತ್ತಿದ್ದವರು ರಾತ್ರಿ ಉಸಿರು ಕಳೆದುಕೊಳ್ಳಬಹುದು. ಹಾಗಾಗಿ ಮೊದಲ ವರದಿ ನಂಬಿ ಕಳಿಸದೆ 4ರಿಂದ 6 ಗಂಟೆಗೊಮ್ಮೆ ಮಟ್ಟ ನೋಡಬೇಕು. ಸತತ ಎರಡು ಬಾರಿ ಇಳಿದು, ಆಧಾರವಿಲ್ಲದೆ ನೇರ ನಡೆದ ಮೇಲೆಯೇ ಬಿಡುಗಡೆಯ ಮಾತು. ಬೇಕೆಂದೇ ನುಂಗಿದವರಿಗೆ ಮನೋವೈದ್ಯರ ಭೇಟಿ ಆಗಲೇಬೇಕು. ಮನೆಗೆ ಬಂದ ಮೇಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.